ನಮ್ಮ ಗೇಟಿನ ಪಕ್ಕದ ಬೆಂಕಿ ನಲ್ಲಿ

ಕೆಂಪು ಬಣ್ಣ ಬಳಿದ ಕಬ್ಬಿಣದ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ಅತಿಯಾದ ಗೌರವ. ಅಂಚೆ ಡಬ್ಬಿಯಾಗಲಿ, ಸರ್ಕಾರಿ ಬಸ್ಸಾಗಲಿ, ಕೆಂಪಗಿದ್ದರೆ ಸಾಕು, ಅದರ ಹಿಂದೆ ಯಾರೋ ಜವಾಬ್ದಾರಿಯುಳ್ಳ ಮನುಷ್ಯರಿದ್ದಾರೆಂದು ನಂಬಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಮನೆ ಹುಡುಕುವಾಗ ನಾನು ಅಡುಗೆಮನೆ ನೋಡಲಿಲ್ಲ, ಬಚ್ಚಲು ನೋಡಲಿಲ್ಲ. ಗೇಟಿನ ಪಕ್ಕ ಮೊಣಕಾಲೆತ್ತರದ ಕೆಂಪು ಕಂಬವೊಂದು ನಿಂತಿತ್ತು. ಬೆಂಕಿ ಬಿದ್ದಾಗ ಫೈರ್ ಇಂಜಿನ್ನಿನವರು ಕೊಳವೆ ಸಿಕ್ಕಿಸಿ ನೀರು ಹಿಡಿಯುವ ನಲ್ಲಿ ಅದು. ಅದನ್ನು ನೋಡಿಯೇ ಮನೆ ಒಪ್ಪಿಕೊಂಡೆ.

ಅದರ ಕೊರಳಿಗೆ ‘ದುರಸ್ತಿಯಲ್ಲಿದೆ’ ಎಂಬ ತಗಡು ಕಟ್ಟಿದ್ದರು. ಬೀದಿಯ ಉಳಿದ ಕಂಬಗಳಿಗೂ ಅದೇ ಆಭರಣ. ನನ್ನ ಹೆಂಡತಿ ಸರೋಜ ಅದನ್ನು ‘ಕೆಟ್ಟಿದೆ’ ಎಂದು ಓದಿದಳು. ನಾನು ‘ಇನ್ನೇನು ಸರಿಹೋಗುತ್ತದೆ’ ಎಂದು ಓದಿದೆ. ನಮ್ಮ ದಾಂಪತ್ಯದ ವ್ಯತ್ಯಾಸವೆಲ್ಲ ಇಷ್ಟೇ. ಮನೆಯ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ಅವಳು ಹಂಡೆ, ಕೊಳಗ, ಕೊಡ, ಕಡೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಡುತ್ತಿದ್ದಳು. ಎಡವಿದಾಗಲೆಲ್ಲ ನಾನು, “ಇದೇನು ಮನೆಯೋ ಕೆರೆಯೋ?” ಎಂದು ರೇಗುತ್ತಿದ್ದೆ.

ಎದುರುಮನೆಯ ರಹಮಾನ್ ಸಾಬರು ಬಡಗಿ. ಮಗಳ ಮದುವೆಗೆಂದು ಹಿತ್ತಲ ಚಪ್ಪರದಡಿ ತೇಗದ ಮಂಚ ಮಾಡುತ್ತಿದ್ದರು. ಬೇರೆಯವರದಾಗಿದ್ದರೆ ವಾರದಲ್ಲಿ ಮುಗಿಸಿಬಿಡುತ್ತಿದ್ದರು. ಮಗಳದಾದ್ದರಿಂದ ತಿಂಗಳುಗಟ್ಟಲೆ ಉಜ್ಜುತ್ತಲೇ ಇದ್ದರು. ಒಂದು ಭಾನುವಾರ ಬೆಳಗ್ಗೆ ಅಂಟು ಕಾಯಿಸುವ ಒಲೆಯಿಂದ ಕಿಡಿ ಹಾರಿ ಮರದ ಹೊಟ್ಟಿಗೆ ಬಿತ್ತು. ಹೊಗೆ ಕಂಡದ್ದೇ ತಡ, ನಾನು ಕಂಬಕ್ಕೆ ಓಡಿದೆ.

“ಸಾಬ್ರೇ, ಹೆದರಬ್ಯಾಡ್ರಿ! ನೀರು ಬಿಡ್ತೀನಿ!” ಎಂದು ಕೂಗಿ, ಮುಚ್ಚಳ ಕಿತ್ತು ತಿರುಪು ಹಿಡಿದೆ. ಅದು ಅಲ್ಲಾಡಲಿಲ್ಲ. ಪಂಚೆ ಎತ್ತಿ ಕಟ್ಟಿ, ಕಂಬಕ್ಕೆ ಕಾಲು ಕೊಟ್ಟು ತಿರುವಿದೆ. ಒಳಗೆ ಗರಗರ ಸದ್ದಾಯಿತು. “ಬಂತು, ಬಂತು!” ಎಂದೆ. ಬಂದದ್ದು ತುಕ್ಕಿನ ಪುಡಿ; ಅದರ ಹಿಂದೆಯೇ ಸಾಲುಗಟ್ಟಿ ಕಟ್ಟಿರುವೆ.

“ಅದನ್ನ ಬಿಡ್ರಿ, ಇದನ್ನ ಹಿಡೀರಿ!” ಎನ್ನುತ್ತಾ ಸರೋಜ ಆಗಲೇ ಕೊಡ ಹೊತ್ತು ರಸ್ತೆ ದಾಟುತ್ತಿದ್ದಳು. ಹಿಡಿಯಲು ನನಗೆ ಕೈ ಬಿಡುವಿರಲಿಲ್ಲ. ಇರುವೆ ಮೊಣಕೈವರೆಗೆ ಏರಿದ್ದವು. ನೀರಿನ ಸರದಿಯಲ್ಲಿ ಒಬ್ಬರನ್ನೊಬ್ಬರು ಕಂಡರಾಗದ ಹೆಂಗಸರು ಕೈಯಿಂದ ಕೈಗೆ ಕೊಡ ದಾಟಿಸತೊಡಗಿದರು. ಅಷ್ಟರಲ್ಲಿ ಸಾಬರು ಮಂಚ ಎಳೆಯಲು ಹೊಗೆಯೊಳಗೆ ನುಗ್ಗಿಬಿಟ್ಟರು.

“ಮಂಚ ಹೋದ್ರೆ ಇನ್ನೊಂದು ಮಾಡ್ಬೋದು ಅಣ್ಣಾ, ಆ ಹುಡುಗಿಗೆ ಇನ್ನೊಬ್ಬ ಅಪ್ಪನ್ನ ಎಲ್ಲಿಂದ ತರಾಣ? ಹೊರಗೆ ಬರ್ರಿ!” ಎಂದು ಸರೋಜ ಗದರಿದಳು. ಅವರು ಕೆಮ್ಮುತ್ತಾ ಹೊರಗೆ ಬಂದರು. ಹಿಂದೆಯೇ ಚಪ್ಪರ ಕುಸಿಯಿತು. ಇಡ್ಲಿ ಪಾತ್ರೆಯ ನೀರೂ ಖಾಲಿಯಾಗುವ ಹೊತ್ತಿಗೆ ಬೆಂಕಿ ಆರಿತು. ಬಿದ್ದ ಚಪ್ಪರ ಸರಿಸಿ ನೋಡಿದರೆ ಮಂಚದ ಒಂದು ಕಾಲು ಮಾತ್ರ ಕರಕಾಗಿತ್ತು.

ಮದುವೆಗೆ ಇಬ್ಬರೂ ಹೋದೆವು. ಸಾಬರು ಸರೋಜಳನ್ನು ಬೀಗರ ಮುಂದೆ ಕರೆದೊಯ್ದು, “ಈ ಅಕ್ಕಾರಿಂದ್ಲೇ ನಾನಿವತ್ತು ಇಲ್ಲಿ ನಿಂತಿರೋದು” ಎಂದು ಕಣ್ಣೊರೆಸಿಕೊಂಡರು. ಬೀಗರ ಕಡೆಯ ಹಿರಿಯರೊಬ್ಬರು ನನ್ನತ್ತ ತಿರುಗಿ, “ತಾವೂ ಅಲ್ಲೇ ಇದ್ರಾ?” ಎಂದು ಕೇಳಿದರು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಸಾಬರು ಬಹಳ ಮರ್ಯಾದೆಯಿಂದ ಹೇಳಿದರು:

“ಇದ್ರು, ಇದ್ರು. ಸಾರು ಇರುವೆ ಕಡೆ ನೋಡ್ಕಂತಿದ್ರು.”