ಬೀರುವಿನೊಳಗಿನ ವಾಯ್ಸ್ ಓವರ್

ನಮ್ಮ ಮೈದುನನಿಗೆ ಮಿದುಳು ಇರಬೇಕಾದ ಜಾಗದಲ್ಲಿ ಒಂದು ಬಣ್ಣದ ಡಬ್ಬ ಇದೆ ಅಂತ ನಾನು ಮದುವೆಯಾಗಿ ಬಂದ ವಾರದಲ್ಲೇ ಕಂಡುಕೊಂಡೆ. ಆಗ ಅವನಿಗೆ ಹದಿನಾರು. ಈಗ ಅರವತ್ತೆಂಟು. ಡಬ್ಬ ಅಲ್ಲೇ ಇದೆ, ಈಚೆಗೆ ಅದಕ್ಕೆ ಕರೆಂಟ್ ಕನೆಕ್ಷನ್ ಬೇರೆ ಸಿಕ್ಕಿದೆ!

ಅವನು ಬೋರ್ಡ್ ಬರೆಯುವವನು. ರಾಜಾಜಿನಗರದಿಂದ ಮೂಡಲಪಾಳ್ಯದ ತನಕ ಬೇಕರಿ, ಕ್ಲಿನಿಕ್, ಟೈಲರ್ ಅಂಗಡಿ, ಒಂದು ಕಾಲಕ್ಕೆ ಎಲ್ಲರ ತಲೆಯ ಮೇಲೂ ಇವನ ಅಕ್ಷರವೇ. ಆಮೇಲೆ ಫ್ಲೆಕ್ಸ್ ಬಂತು. ಅರ್ಧ ಗಂಟೆಯಲ್ಲಿ ಬೋರ್ಡು ಉಗುಳುವ ಮೆಷಿನ್ನಿನ ಎದುರು ಬ್ರಷ್ಷು ಎಲ್ಲಿ ನಿಲ್ಲಬೇಕು? ಬೇರೆಯವರಾಗಿದ್ದರೆ ಗೊಣಗುತ್ತಾ ಕೂರುತ್ತಿದ್ದರು. ಇವನು ಅರವತ್ತೈದನೇ ವಯಸ್ಸಿನಲ್ಲಿ ಒಂದು ಕಂಪ್ಯೂಟರ್ ತಂದು ಮಹಡಿ ಮೇಲಿನ ತನ್ನ ರೂಮಿನಲ್ಲಿಟ್ಟು ಮೋಷನ್ ಗ್ರಾಫಿಕ್ಸ್ ಕಲಿಯೋಕೆ ಕೂತ. ಅಂದರೆ ಪರದೆಯ ಮೇಲೆ ಅಕ್ಷರಗಳನ್ನು ಕುಣಿಸುವ ವಿದ್ಯೆ. ಕೂತ ಅಂದೆನಾ? ಸಾರಿ, ನಿಂತ. ಬೋರ್ಡ್ ಬರೆಯುವವರು ಕೂರೋದಿಲ್ಲವಂತೆ. ಹೆಗಲ ಮೇಲೆ ಟರ್ಪೆಂಟೈನ್ ಬಟ್ಟೆ, ಕಿವಿಯ ಮೇಲೆ ಪೆನ್ಸಿಲ್. ಒಂದು ಸಲ ಮೌಸ್ ಒತ್ತಿ, ಬಾಗಿಲ ತನಕ ಹಿಂದೆ ನಡೆದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಮುಂದೆ ಬಂದು ಇನ್ನೊಂದು ಸಲ ಒತ್ತುತ್ತಾನೆ. ಕಂಪ್ಯೂಟರ್ ಕೆಲಸ ಮಾಡಿ ಸಣ್ಣಗಾದ ಮನುಷ್ಯ ಇಡೀ ಬೆಂಗಳೂರಿನಲ್ಲಿ ಇವನೊಬ್ಬನೇ ಇರಬೇಕು!

ಕಲಿತದ್ದು ಹಿಂದಿ ವಿಡಿಯೋಗಳನ್ನು ನೋಡಿ. ಹಿಂದಿ ಬರುತ್ತಾ? ಒಂದಕ್ಷರ ಬರೋದಿಲ್ಲ. "ಕೈ ನೋಡಿದ್ರೆ ಸಾಕು ಅತ್ತಿಗೆ, ಬಾಯಿ ಏನ್ ಹೇಳ್ತು ಅಂತ ಯಾರಿಗೆ ಬೇಕು?" ಅನ್ನುತ್ತಾನೆ. ಆದರೆ ಆ ಸಾಫ್ಟ್‌ವೇರ್ ಆಗಾಗ ತನ್ನನ್ನು ತಾನೇ ಹೊಸದು ಮಾಡಿಕೊಂಡು ಇಂಗ್ಲಿಷಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತೆ ನೋಡಿ, ಅದಕ್ಕೆ ಬಾಯಿ ಬೇಕು. ನನ್ನದು. ಇಲ್ಲಿ ಹೆಂಚಿನ ಮೇಲೆ ದೋಸೆ, ಅಲ್ಲಿ ಮೆಟ್ಟಿಲ ಮೇಲಿಂದ ಕೂಗು: "ಅತ್ತಿಗೇ! ಹೊಸ ಫೀಚರ್ ಬಂದಿದೆ, ಸ್ವಲ್ಪ ಓದಿ ಹೇಳಿ ಬನ್ನಿ!" ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಅಷ್ಟು ಶಿಸ್ತಾಗಿ ಇಂಗ್ಲಿಷ್ ಕಲಿಸಿದ್ದು ಇದಕ್ಕಾ? ಒಂದು ಸಲ ಓದಿ ಹೇಳಿದೆ, "ನಡುಗುವ ಗೆರೆಯನ್ನ ಇನ್ನು ಮೇಲೆ ಅದೇ ತಿದ್ದಿ ನೇರ ಮಾಡತ್ತಂತೆ ಕಣೋ." ಇವನ ಮುಖ ಕೆಂಪಾಯಿತು. "ನನ್ನ ಕೈ ನಡುಗತ್ತೆ ಅಂತ ಇದಕ್ಕೆ ಯಾರ್ ಹೇಳಿದ್ದು?"

ಈಗ ನನ್ನ ಪ್ರತಾಪವನ್ನೂ ಸ್ವಲ್ಪ ಹೇಳಬೇಕು. ಹೋದ ಯುಗಾದಿ ಆದಮೇಲೆ ನನಗೆ ಒಂದು ಸಣ್ಣ ಸ್ಟ್ರೋಕ್ ಆಯಿತು. ಕೈಕಾಲು ನೆಟ್ಟಗುಳಿದವು, ನಾಲಿಗೆ ಮಾತ್ರ ಗೋಣಿಚೀಲ ಹೊದ್ದುಕೊಂಡಂತೆ ಮಲಗಿಬಿಟ್ಟಿತು. ವಿಜಯನಗರದ ಸ್ಪೀಚ್ ಥೆರಪಿಸ್ಟ್ ಹುಡುಗಿ ಖಡಾಖಂಡಿತವಾಗಿ ಹೇಳಿದಳು: "ದಿನಾ ಜೋರಾಗಿ ಓದ್ಬೇಕು ಆಂಟಿ. ಬಾಯಿ ಮುಚ್ಕೊಂಡು ಕೂತ್ರೆ ಹೀಗೇ ಉಳ್ದುಬಿಡತ್ತೆ." ನಾನೋ ಮೂವತ್ತು ವರ್ಷ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಎಲೊಕ್ಯೂಷನ್ ಕಲಿಸಿದವಳು. "ಬಾಯಲ್ಲಿ ಗೋಲಿ ಇಟ್ಕೊಂಡು ಮಾತಾಡ್ಬೇಡ, ಚೈಲ್ಡ್!" ಅಂತ ಎಷ್ಟು ಮಕ್ಕಳನ್ನು ಅಳಿಸಿದ್ದೇನೋ! ಈಗ ಆ ಗೋಲಿಗಳೆಲ್ಲ ಒಟ್ಟಿಗೆ ನನ್ನ ಬಾಯಿಗೇ ಬಂದು ಬಿದ್ದಿದ್ದವು. ನನ್ನ ದನಿ ನನಗೇ ಕೇಳಿಸಬಾರದು ಅಂತ ಬಾಯಿ ಮುಚ್ಚಿಕೊಂಡೆ. ಫೋನ್ ಬಂದರೆ ಯಜಮಾನರ ಕೈಗೆ. ತರಕಾರಿಯವಳಿಗೆ ಬೆರಳಿನ ಭಾಷೆ. ಕೇಳಿದವರಿಗೆ ಮೌನವ್ರತ ಅಂತ ಬರೆದು ತೋರಿಸಿದೆ. "ಇದು ಇನ್ನೆಷ್ಟು ದಿನ ಇರತ್ತೆ?" ಅಂತ ಯಜಮಾನರು ಡಾಕ್ಟರನ್ನು ಕೇಳಿದರು. ಕೇಳಿದ್ದು ಭಯದಿಂದಲೋ ಆಸೆಯಿಂದಲೋ, ಇವತ್ತಿಗೂ ಗೊತ್ತಾಗಿಲ್ಲ!

ಅಂಥ ಹೊತ್ತಿನಲ್ಲಿ ಮೈದುನ ಮಹಡಿ ಇಳಿದು ಬಂದ. "ಅತ್ತಿಗೆ, ಬ್ರಷ್ಷಲ್ಲಿ ಅಕ್ಷರ ಬರೆಯೋದು ಹೇಗೆ ಅಂತ ವಿಡಿಯೋ ಮಾಡ್ತಾ ಇದೀನಿ. ಒಂದೊಂದು ಅಕ್ಷರಕ್ಕೆ ಒಂದೊಂದು. ವಾಯ್ಸ್ ಓವರ್ ನೀವೇ ಕೊಡಬೇಕು."

ನಾನು ಸೊಟ್ಟಗಾಗಿದ್ದ ನನ್ನ ಬಾಯಿ ತೋರಿಸಿದೆ.

"ಮುಖ ಬರಲ್ಲ ಅತ್ತಿಗೆ, ಬರೀ ದನಿ. ಪೌಡರ್ ಗೀಡರ್ ಏನೂ ಬೇಡ."

ಹೋಪ್‌ಲೆಸ್ ಫೆಲೋ! ತಲೆ ಅಡ್ಡಡ್ಡ ಆಡಿಸಿದೆ. "ಸರಿ ಬಿಡಿ, ಎದುರು ಮನೆ ಆಂಟಿ ರೆಡಿ ಇದಾರೆ," ಅಂದುಬಿಟ್ಟ. ಎದುರು ಮನೆಯವಳಾ? ಝೂಗೆ ಜೂ ಅನ್ನುವವಳಾ? ಮೈ ಡಿಯರ್, ಮನುಷ್ಯರಿಗೆ ಆರೋಗ್ಯ ಹೋದರೂ ಅಹಂಕಾರ ಹೋಗುತ್ತದೆಯೇ? ಮರುದಿನ ಹನ್ನೊಂದು ಗಂಟೆಗೆ ಮಹಡಿ ಹತ್ತಿದೆ.

ವಾಯ್ಸ್ ಓವರ್ ಕ್ಲೀನ್ ಆಗಿ ಬರಬೇಕಾದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದಂತೆ. ಅದಕ್ಕೆ ಇವನು ನಮ್ಮತ್ತೆಯ ಕಾಲದ ಮರದ ಬೀರುವಿನ ಬಾಗಿಲು ತೆಗೆದು, ಒಳಗೆಲ್ಲ ರಜಾಯಿ ನೇತುಹಾಕಿ, ನಡುವೆ ಮೈಕ್ ಇಳಿಬಿಟ್ಟಿದ್ದ. ಎದುರಿಗೊಂದು ಸ್ಟೂಲು. ನಾನು ಸ್ಟೂಲಿನ ಮೇಲೆ, ನನ್ನ ತಲೆ ಬೀರುವಿನೊಳಗೆ! ಹಿಂದಿನಿಂದ ಯಾರಾದರೂ ನೋಡಿದ್ದರೆ ಮುದುಕಿ ಒಡವೆ ಹುಡುಕುತ್ತಿದ್ದಾಳೆ ಅಂದುಕೊಳ್ಳಬೇಕು. ಮೊದಲ ದಿನ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ, ರೆಕಾರ್ಡಿಂಗ್ ಅಂದಮೇಲೆ ಒಂದು ಡಿಗ್ನಿಟಿ ಬೇಡವೇ? "ಸೀರೆ ಸರಸರ ಅನ್ನತ್ತೆ ಅತ್ತಿಗೆ, ಹಳೇ ಕಾಟನ್ ಉಟ್ಕೊಂಡ್ ಬನ್ನಿ" ಅಂತ ವಾಪಸ್ ಕಳಿಸಿದ. ಬಳೆ ತೆಗೀರಿ ಅಂದ. ತೆಗೆಯೋದಿಲ್ಲ ಅಂತ ತಲೆ ಆಡಿಸಿದೆ. ಬಳೆಗಳ ಮೇಲೆ ಕರ್ಚೀಫ್ ಸುತ್ತಿ ಗಂಟು ಹಾಕಿದ. ಪೊಲೀಸರು ಹಿಡಿದುಕೊಂಡು ಬಂದವಳ ಹಾಗೆ ಕಾಣುತ್ತಿದ್ದೆ.

ಮನೆಯ ಫ್ಯಾನೆಲ್ಲ ಬಂದ್. ಕೆಳಗಿನಿಂದ ಯಜಮಾನರು, "ಇವರ ಸ್ಟುಡಿಯೋಗೆ ನಾನ್ಯಾಕೆ ಬೇಯಬೇಕು?" ಅಂದರು. ಇವನು ಅವರಿಗೂ ಸುಮ್ಮನಿರಲು ಹೇಳಿ ಎರಡು ನಿಮಿಷ ಖಾಲಿ ರೂಮನ್ನು ರೆಕಾರ್ಡ್ ಮಾಡಿದ. ಆ ಸದ್ದನ್ನು ತೋರಿಸಿ ಇದು ಕಸ ಅಂತ ಹೇಳಿಕೊಟ್ಟರೆ, ಅಂಥದ್ದು ಎಲ್ಲಿ ಕಂಡರೂ ಸಾಫ್ಟ್‌ವೇರ್ ಗುಡಿಸಿಹಾಕುತ್ತೆ. ಇದೂ ಹೊಸ ಫೀಚರ್. ಆದರೆ ಆ ಎರಡು ನಿಮಿಷವೂ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು, "ಕಾಫಿ ಇದೆಯೋ ಇಲ್ವೋ? ಯಾರಾದ್ರೂ ಹೇಳ್ತೀರೋ ಇಲ್ವೋ?" ಅನ್ನುತ್ತಲೇ ಇದ್ದರು. ಸಾಫ್ಟ್‌ವೇರ್ ಪಾಠ ಚೆನ್ನಾಗಿ ಕಲಿತುಕೊಂಡಿತು. ಆಮೇಲೆ ಅವರು ಎಷ್ಟು ಕೂಗಿದರೂ ರೆಕಾರ್ಡಿಂಗಿನಲ್ಲಿ ಒಂದು ಚೂರೂ ಇಲ್ಲ! ಐವತ್ತೆರಡು ವರ್ಷದಿಂದ ನನ್ನ ಕೈಲಾಗದ್ದನ್ನು ಅದು ಒಂದೇ ಗುಂಡಿಯಲ್ಲಿ ಮಾಡಿತ್ತು. ಆದರೆ ಅವರ ಜೊತೆಗೆ ನನ್ನ ಅರ್ಧ ದನಿಯೂ ಹೋಗಿತ್ತು. ಇಷ್ಟು ವರ್ಷ ಒಬ್ಬರ ಮೇಲೊಬ್ಬರು ಕೂಗಾಡಿದರೆ ದನಿಗಳೂ ಒಂದೇ ಥರ ಆಗಿಬಿಡುತ್ತವೋ ಏನೋ.

ಇನ್ನೊಂದು ಕತೆ ಕೇಳಿ. ಬೋರ್ಡ್ ಬರೆಯುವವರು ಜಾಗ ಸರಿಹೋಗಲಿ ಅಂತ ನಡುವಿನ ಅಕ್ಷರದಿಂದ ಶುರು ಮಾಡಿ ಎರಡೂ ಕಡೆ ಹೋಗುತ್ತಾರಂತೆ. ಈ ಪುಣ್ಯಾತ್ಮ ನನ್ನ ಮಾತನ್ನೂ ಹಾಗೇ ರೆಕಾರ್ಡ್ ಮಾಡಿಸಿದ. ಮೊದಲು ನಡುವಿನ ವಾಕ್ಯ, ಆಮೇಲೆ ಅದರ ಆಚೆಯದು, ಆಮೇಲೆ ಈಚೆಯದು. ಅದೇ ಸಾಲಿನಲ್ಲಿ ಅಂಟಿಸಿಯೂ ಬಿಟ್ಟ. ವಿಡಿಯೋ ಶುರುವಾದ ಕೂಡಲೇ ನಾನು "ಈಗ ಬ್ರಷ್ಷನ್ನು ಮೆಲ್ಲಗೆ ಎತ್ತಿ" ಅನ್ನುತ್ತೇನೆ. ಎಲ್ಲ ಮುಗಿಯುವ ಹೊತ್ತಿಗೆ, ಧನ್ಯವಾದದ ಪಕ್ಕದಲ್ಲೇ, ಗಂಭೀರವಾಗಿ, "ನಮಸ್ಕಾರ"!

ನಗು ಬಂತು, ಸರಿ. ಆದರೆ ನಿಜವಾದ ಯುದ್ಧ ಇದ್ದದ್ದು ಪ್ರತಿ ಅಕ್ಷರದ ಪಾಠದಲ್ಲೂ ಬರುವ ಒಂದು ವಾಕ್ಯದ ಜೊತೆ. "ಸುರುಳಿಯನ್ನು ಸರಾಗವಾಗಿ ಎಳೆಯಿರಿ." ಹೇಳಿ ನೋಡೋಣ, ಏನು ಮಹಾ? ಮೊದಲ ದಿನ ನಲವತ್ತೊಂದು ಸಲ ಹೇಳಿದೆ. ಪ್ರತಿ ಸಲವೂ 'ಸ' ಜಾರಿತು, 'ರ' ಉರುಳಿತು, 'ಳ' ಎಲ್ಲಿ ಬಿತ್ತೋ ಸಿಗಲೇ ಇಲ್ಲ. ಇವನಿಗೆ ಅದು ಕೇಳಿಸಿದರೆ ತಾನೇ! "ಪಾರಿವಾಳ ಬಂತು ಅತ್ತಿಗೆ, ಇನ್ನೊಂದ್ಸಲ." "ಮೈಕ್ ಸೊಟ್ಟ ಇತ್ತು, ನಂದೇ ತಪ್ಪು." "ಯಾರ್ದೋ ಮನೆ ಕುಕ್ಕರ್. ನಿಮಗಿಂತ ಅದೇ ಚೆನ್ನಾಗಿ ಬಂದಿದೆ." ಒಂದು ದಿನ ಬೀರುವಿನ ನುಸಿಗುಳಿಗೆಯ ಮೇಲೂ ತಪ್ಪು ಹೊರಿಸಿದ. ಒಂದೇ ಒಂದು ಸಲ ನನ್ನ ನಾಲಿಗೆ ಅನ್ನಲಿಲ್ಲ. ಇಷ್ಟು ಕಿವುಡನಾ ಇವನು! ಕೋಪ ಬಂದು ನಾನೇ ಬಾಯಿಬಿಟ್ಟು ಬೈದೆ. ಬೈಗುಳ ಮಾತ್ರ, ಯು ವೋಂಟ್ ಬಿಲೀವ್, ಸ್ಪಷ್ಟವಾಗಿ ಬಂತು!

ಹೀಗೆ ದಿನಾ ಒಂದೂವರೆ ಗಂಟೆ. 'ಎ' ಬರುವಷ್ಟರಲ್ಲಿ ಇಪ್ಪತ್ತು ಸಲಕ್ಕೆ ಇಳಿಯಿತು. 'ಕ' ದಾಟಿ 'ಚ'ಕ್ಕೆ ಬಂದಾಗ ಒಂಬತ್ತು. ಫೋನ್ ಬಂದರೆ ಯಜಮಾನರಿಗಿಂತ ಮೊದಲು ನಾನೇ ಓಡುವಂತಾಯಿತು. ಪಾಪ, ಅವರ ಮೌನವ್ರತ ಶುರುವಾಯಿತು.

ಮೊನ್ನೆ ನಾನು ಹೋದಾಗ ಇವನು ಟೆರೇಸಿನಲ್ಲಿ ರಜಾಯಿ ಒದರುತ್ತಿದ್ದ. ಸುಮ್ಮನೆ ಕಂಪ್ಯೂಟರಿನ ಮುಂದೆ ನಿಂತವಳು ಎಲ್ಲೋ ಏನೋ ಒತ್ತಿದೆ. ಒಂದು ಹುಡುಗಿ ಮಾತಾಡಿದಳು. "ಸುರುಳಿಯನ್ನು ಸರಾಗವಾಗಿ ಎಳೆಯಿರಿ." ಒಂದು ಉಸಿರಿಲ್ಲ, ಒಂದು ತೊದಲಿಲ್ಲ. 'ಅ' ಅಕ್ಷರದ ಇಡೀ ಪಾಠವನ್ನು ನಮಸ್ಕಾರದಿಂದ ಧನ್ಯವಾದದ ತನಕ, ನೆಟ್ಟಗೆ, ನೀಟಾಗಿ ಒಪ್ಪಿಸಿದಳು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಮಾತು ಟೈಪ್ ಮಾಡಿ, ದನಿ ನಾವೇ ಕೊಡುತ್ತೇವೆ. ಹೊಸ ಫೀಚರ್. ಇದೊಂದನ್ನು ಮಾತ್ರ ಇವನು ನನ್ನ ಕೈಲಿ ಓದಿಸಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಇವನು ಅದನ್ನು ಮಾಡಿಟ್ಟ ತಾರೀಖು ನೋಡಿದೆ. ನಾನು ಆಸ್ಪತ್ರೆಯಲ್ಲಿದ್ದ ವಾರ.

ಅಂದರೆ ಇವನು ಮಹಡಿ ಇಳಿದು ನನ್ನ ದನಿ ಕೇಳೋಕೆ ಬಂದ ದಿನ, ಇವನಿಗೆ ಯಾರ ದನಿಯೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನನಗೆ.

ಟೆರೇಸಿನ ಬಾಗಿಲು ಸದ್ದಾಯಿತು. ಆ ಹುಡುಗಿಯನ್ನು ಮುಚ್ಚಿ, ಏನೂ ಗೊತ್ತಿಲ್ಲದವಳ ಹಾಗೆ ಸ್ಟೂಲಿನ ಮೇಲೆ ಕೂತು ಬೀರುವಿನೊಳಗೆ ಮುಖ ಇಟ್ಟೆ. ಒಳ್ಳೆಯದೇ ಆಯಿತು, ಅಲ್ಲಿ ಕಣ್ಣು ಯಾರಿಗೂ ಕಾಣುವುದಿಲ್ಲ. "ರೆಡಿನಾ ಅತ್ತಿಗೆ?" ಅಂದ. ಹೇಳಿದೆ. ಮೊದಲನೇ ಸಲಕ್ಕೇ ಬಂತು. 'ಸ', 'ರ', 'ಳ' ಎಲ್ಲವೂ ಸ್ಕೂಲ್ ಅಸೆಂಬ್ಲಿಯಲ್ಲಿ ನಿಂತ ಹಾಗೆ ತಮ್ಮ ತಮ್ಮ ಜಾಗದಲ್ಲಿ.

ಹಿಂದಿನಿಂದ ಮೂಗು ಒರೆಸಿಕೊಂಡ ಸದ್ದು.

"ಆಟೋ ಹೋಯ್ತು ಅತ್ತಿಗೆ," ಅಂದ. "ಇನ್ನೊಂದ್ಸಲ."

ರಸ್ತೆಯಲ್ಲಿ ಯಾವ ಆಟೋನೂ ಹೋಗಿರಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ.