ನಾಯಿ ಲಿವರಿನ ಸರ್ಟಿಫಿಕೇಟು

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿ ಹಗ್ಗ ಕಟ್ಟಿಸಿಕೊಂಡು ಬಾಗಿಲಿಗೆ ಬರುತ್ತದೆ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳಲ್ಲಿ ನಾನು ರಾಮನಗರದಲ್ಲಿ ಡಾಕ್ಟರಾಗಿದ್ದೆ.

೧. ಕುರಿ

ಕಾರ್ಖಾನೆಯ ಮ್ಯಾನೇಜರೊಬ್ಬರು ಇಂಗ್ಲೆಂಡಿನಿಂದ ಬೆಡ್ಲಿಂಗ್ಟನ್ ಜಾತಿಯ ನಾಯಿ ತಂದಿದ್ದರು. ಅವರ ಅಡುಗೆಯವನು, ಹೊಂಗನೂರಿನವನು, ಅದನ್ನು ಸೂಜಿ ಹಾಕಿಸಲು ಕರೆತಂದ. ಬಿಳಿ ಸುರುಳಿ ಕೂದಲು, ಉದ್ದ ಮೂತಿ, ಜೋಲು ಕಿವಿ. ನಮ್ಮ ಕಾಂಪೌಂಡರ್ ಒಮ್ಮೆ ನೋಡಿ ರಿಜಿಸ್ಟರಿನಲ್ಲಿ 'ಕುರಿ, ಒಂದು' ಎಂದು ಬರೆದ. ಅಷ್ಟರಲ್ಲಿ ಅದು ಬೊಗಳಿತು. ಅವನು ಪೆನ್ನು ಕೆಳಗಿಟ್ಟು ಒಸಿ ಹಿಂದೆ ಸರಿದು, "ಸಾ, ಈ ಕುರಿಗೆ ಹುಚ್ಚುನಾಯಿ ಕಚ್ಚೈತೆ" ಎಂದ.

೨. ಕ್ಲಿಯರ್

ಆ ಜಾತಿಗೆ ಒಂದು ವಂಶದ ಕಾಯಿಲೆ ಉಂಟು: ಲಿವರಿನಲ್ಲಿ ತಾಮ್ರ ತುಂಬಿಕೊಳ್ಳುತ್ತದೆ. ಮ್ಯಾನೇಜರು ಇಂಗ್ಲೆಂಡಿನಲ್ಲೇ ಜೀನ್ ಪರೀಕ್ಷೆ ಮಾಡಿಸಿ, 'ಕ್ಲಿಯರ್' ಎಂದು ಬಂದ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದರು. ಕೆಲವು ತಿಂಗಳಲ್ಲಿ ನಾಯಿ ಊಟ ಬಿಟ್ಟಿತು, ಕಣ್ಣು ಹಳದಿಗೆ ತಿರುಗಿತು. ಲಿವರಿನ ಚೂರು ತೆಗೆದು ನೋಡಬೇಕು, ಬೆಂಗಳೂರಿಗೆ ಕರೆದೊಯ್ಯಿರಿ ಎಂದೆ.

"ಟೆಸ್ಟಲ್ಲಿ ಕ್ಲಿಯರ್ ಬಂದಿದೆಯಲ್ಲ ಡಾಕ್ಟ್ರೇ" ಎಂದರು ಮ್ಯಾನೇಜರು.

"ಆ ಟೆಸ್ಟು ಹುಡುಕೋದು ಗೊತ್ತಿರೋ ಒಂದೇ ದೋಷವನ್ನ. ಬೇರೆ ದೋಷ ಇದ್ದರೆ ಅದಕ್ಕೆ ಕಾಣಲ್ಲ."

ಅವರು ಎರಡು ದಿನ ಫ್ರೇಮನ್ನೇ ನಂಬಿ ಕೂತರು. ನಾಯಿ ನೀರನ್ನೂ ಮುಟ್ಟದಾಯಿತು. ಮೂರನೆಯ ದಿನ ಅಡುಗೆಯವನು ಅವರಿಗೆ ಮೆಲ್ಲಗೆ ಹೇಳಿದ: "ಸಾ, ನಮ್ಮೂರಿಗೆ ಬರೋ ರೇಸ್ಮೆ ಮೊಟ್ಟೆ ಹಾಳೆ ಮ್ಯಾಲೂ 'ರೋಗವಿಲ್ಲ' ಅಂತ ಸೀಲ್ ಹೊಡ್ದಿರ್ತಾರೆ. ಹುಳ ಓದಕಿಲ್ಲ."

ಕಾರು ಅದೇ ಗಳಿಗೆ ಬೆಂಗಳೂರಿಗೆ ಹೊರಟಿತು. ಲಿವರಿನಲ್ಲಿ ಇದ್ದದ್ದು ತಾಮ್ರವೇ. ತಿಂಗಳುಗಟ್ಟಲೆ ಮಾತ್ರೆ ನುಂಗಿ ನಾಯಿ ಉಳಿಯಿತು. ಮೊದಲ ಸಲ ತಟ್ಟೆ ನೆಕ್ಕಿದ ದಿನ ಅಡುಗೆಯವನು ಬಸ್ಸು ಹತ್ತಿ ಬಂದು ಸುದ್ದಿ ಹೇಳಿಹೋದ.

೩. ವಂಶದ ಕಾಯಿಲೆ

ಮಾಗಡಿಗೆ ವರ್ಗವಾದೆ. ಈ ಕತೆ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕೆಂಪಾಪುರದ ರೈತನೊಬ್ಬ ಕಂತ್ರಿ ನಾಯಿ ಎಳೆದುಕೊಂಡು ಬಂದು, "ನಮ್ದುಕ್ಕೂ ಆ ಲಿವರ್ ಟೆಸ್ಟ್ ಮಾಡ್ಬುಡಿ ಸಾ" ಎಂದ.

"ಅದು ಆ ಒಂದು ಜಾತಿಗೆ ಮಾತ್ರಪ್ಪ. ಇದಕ್ಕೆ ಲಿವರ್ ತೊಂದರೆ ಅಂತ ಹೇಳಿದ್ದು ಯಾರು?"

"ಯಾರ್ ಹೇಳ್ಬೇಕು ಸಾ, ಕಣ್ಣಾರೆ ನೋಡೀವ್ನಿ. ಇದ್ರವ್ವನ್ಗೂ ಇತ್ತು, ಇದ್ಕೂ ಐತೆ, ಇದ್ರ ಮರೀಗೂ ಈಗ ಸುರುವಾಗೈತೆ."

ಮೂರು ತಲೆಮಾರು. ನಾನು ಕುರ್ಚಿ ಎಳೆದುಕೊಂಡು ಕಾಗದ ತೆಗೆದೆ. "ಸರಿಯಾಗಿ ಹೇಳು. ಏನಾಗುತ್ತೆ?"

"ಬಾಡು ತಂದ ದಿವ್ಸ ಸಾ, ನಮ್ಮೋಳು ಮಸಾಲೆ ಅರ್ದು ತಿರುಗೋದ್ರೊಳ್ಗೆ ಲಿವರ್ ಒಂದ್ನೇ ಆರಿಸ್ಕೊಂಡು ತಿಂದ್ಬುಡ್ತವೆ."