ಜಾಯಿಂಟು ಎಲ್ಲಿ ಬರಬೇಕು?

ಈ ಜಗತ್ತಿನಲ್ಲಿ ಯಾವುದೂ ಇಡಿಯಾಗಿ ಬರುವುದಿಲ್ಲ. ಇರುವುದಕ್ಕೆಲ್ಲ ಎಲ್ಲೋ ಒಂದು ಕಡೆ ಜಾಯಿಂಟು ಇದ್ದೇ ಇರುತ್ತದೆ. ಅದನ್ನು ಅರಿತವನೇ ಜ್ಞಾನಿ. ಇದು ಯಾವ ಮಠದ ಪ್ರವಚನವೂ ಅಲ್ಲ. ಕಾಟನ್‌ಪೇಟೆಯಲ್ಲಿ ಗೋಣಿಚೀಲದ ಸಗಟು ವ್ಯಾಪಾರ ಮಾಡಿ ಈಗ ಬಿಡುವಾಗಿರುವ ನನ್ನ ಸೋದರಮಾವ, ಶಂಕರಪುರಂನ ನಮ್ಮ ನಡುಮನೆಯಲ್ಲಿ ಬೋರಲು ಮಲಗಿ, ಒಂದು ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಹೇಳಿದ ಮಾತು. ಎಪ್ಪತ್ತು ದಾಟಿದ ಮನುಷ್ಯ ಆ ಭಂಗಿಯಲ್ಲಿದ್ದರೆ ಬೇರೆಯವರ ಮನೆಯಲ್ಲಿ ಆಂಬುಲೆನ್ಸಿಗೆ ಫೋನು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅವರನ್ನು ಬಿಟ್ಟು ಸುತ್ತ ಕಸ ಗುಡಿಸುತ್ತಾರೆ!

"ಚೀಲ ಒಡೆಯೋದು ಹೊಲಿಗೇಲಿ ಕಣೋ, ನಡುವಲ್ಲಲ್ಲ." ಇಷ್ಟೇ ಮಾವನ ಜೀವನದರ್ಶನ. ಹೊಸ ಅಂಗಿ ಕೊಂಡರೆ ಮೊದಲು ಒಳಮೈ ತಿರುವಿ ನೋಡುತ್ತಾರೆ. ಗೃಹಪ್ರವೇಶಕ್ಕೆ ಹೋದರೆ, ಪೂಜೆ ನಡೆಯುವಾಗಲೇ ಟೈಲ್ಸಿನ ಸಂದಿಗಳನ್ನು ಬೆರಳಿನಿಂದ ಸವರುತ್ತ ಕೂರುತ್ತಾರೆ. ಪಕ್ಕದವರು ಇದೇನೋ ಸಂಪ್ರದಾಯವಿರಬೇಕೆಂದು ತಾವೂ ನೆಲ ಸವರಿ ಕಣ್ಣಿಗೊತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಮದುವೆಗಳಲ್ಲಂತೂ ಕೇಳಲೇಬೇಡಿ. ಚಾಮರಾಜಪೇಟೆಯ ಛತ್ರವೊಂದರಲ್ಲಿ ನಮ್ಮ ಬಂಧುಗಳ ಹುಡುಗಿಯ ಮದುವೆ. ಜಮಖಾನದ ಅಂಚು ಎತ್ತಿ ಪರೀಕ್ಷಿಸುತ್ತಿದ್ದ ಮಾವನನ್ನು, "ಹುಡುಗ ಹೇಗೆ ಮಾವ?" ಎಂದು ಕೇಳಿದೆ.

"ಹುಡುಗ ಪರವಾಗಿಲ್ಲ. ಜಮಖಾನದ ಜಾಯಿಂಟ್ ತಂದು ಬೀಗರು ಬರೋ ದಾರೀಲೇ ಹಾಕಿದಾರೆ. ಈ ಸಂಬಂಧಕ್ಕೆ ಮುಂದೆ ಕಷ್ಟ ಇದೆ."

ಮುಂದೆ ಏನು, ಆಗಲೇ! ಬೀಗರ ಕಡೆಯ ಹಿರಿಯರೊಬ್ಬರು ಬಂದವರೇ ಅದೇ ಅಂಚಿಗೆ ಎಡವಿ, ಹಣ್ಣಿನ ತಟ್ಟೆಯ ಸಮೇತ ಮುಗ್ಗರಿಸಿದರು. ಆ ಗಳಿಗೆಯಲ್ಲಿ ಮಾವನ ಮುಖದಲ್ಲಿ ಮೂಡಿದ ಧನ್ಯತೆ, ತಾಳಿ ಕಟ್ಟುವಾಗ ಮದುಮಗನ ಮುಖದಲ್ಲೂ ಮೂಡಲಿಲ್ಲ.

ಇಂಥವರ ಕೈಗೆ ನಮ್ಮ ನಡುಮನೆ ಸಿಕ್ಕಿತು. ಅದಕ್ಕೆ ಕಾರಣ ಅವರ ಅಕ್ಕ, ಎಂದರೆ ನನ್ನ ಅಮ್ಮ.

ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುವುದಕ್ಕೆ ಅವಳು ಹೇಗೋ ಹೊಂದಿಕೊಂಡಿದ್ದಳು. ಕಾಲು ಮುಷ್ಕರ ಹೂಡಿದ್ದನ್ನು ಮಾತ್ರ ಸಹಿಸಲಾರಳು. ನಡೆಯುತ್ತ ನಡೆಯುತ್ತ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು, ಅದರಲ್ಲೂ ಬಾಗಿಲಲ್ಲಿ. ಅಂಟಿದ ಪಾದವನ್ನು ಕೀಳಲು ಹೋಗಿ ನಮ್ಮ ಕೆಂಪು ಗಾರೆಯ ನುಣ್ಣನೆಯ ನೆಲದ ಮೇಲೆ ಒಮ್ಮೆ ಬಿದ್ದಳು. ಆಮೇಲೆ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದಳು. ಅವಳಿಗೆ ಬೇಕಾಗಿದ್ದದ್ದೇನು ಕಾಶಿಯಾತ್ರೆಯೇ? ನಡುಮನೆ ದಾಟಿ, ಯಾರ ತೋಳನ್ನೂ ಹಿಡಿಯದೆ ಅಡಿಗೆಮನೆಗೆ ಹೋಗಿ, ಸೊಸೆ ಮಾಡಿದ ಸಾರಿಗೆ "ಉಪ್ಪು ಕಮ್ಮಿ" ಅನ್ನಬೇಕಿತ್ತು, ಅಷ್ಟೇ. ಕೋಣೆಯಲ್ಲೇ ಕೂತು ಹೇಳಿದರೆ ಆ ಮಾತಿಗೆ ಖಾರವೇ ಇರುವುದಿಲ್ಲವಂತೆ!

ಬಿದ್ದರೂ ಪೆಟ್ಟಾಗದಿರಲೆಂದು ನಡುಮನೆಗೆಲ್ಲ ಕಾರ್ಪೆಟ್ಟು ಅಂಟಿಸುವುದೆಂದಾಯಿತು. ಕಾರ್ಪೆಟ್ಟಿನ ಅಗಲ ನಡುಮನೆಯ ಅಗಲಕ್ಕೆ ಸಾಲದು. ಅಂದಮೇಲೆ ಎರಡು ತುಂಡು. ತುಂಡು ಅಂದಮೇಲೆ ಜಾಯಿಂಟು. ಜಾಯಿಂಟು ಅಂದಮೇಲೆ ಮಾವ.

ಅಂಟಿಸಲು ಬಂದವನು ಪಾಪ, "ಮಧ್ಯಕ್ಕೆ ಜಾಯಿಂಟ್ ಬರತ್ತೆ ಸಾರ್, ಮಧ್ಯಾಹ್ನದೊಳಗೆ ಮುಗಿಸ್ಬಿಡ್ತೀನಿ" ಎಂದ.

"ಮಧ್ಯ ಅಂದ್ರೆ?" ಎಂದರು ಮಾವ. "ಇಲ್ಲಿ ನಡೆಯೋರು ಯಾರು ಅಂತ ಕೇಳಿದ್ಯೇನಪ್ಪ? ಬೆಳಕು ಯಾವ ಕಿಟಕಿಯಿಂದ ಬರತ್ತೆ ಅಂತ ನೋಡಿದ್ಯಾ? ಬೆಳಕಿಗೆ ಅಡ್ಡ ಹಾಕಿದ್ರೆ ಜಾಯಿಂಟಿಗೆ ನೆರಳು ಬೀಳತ್ತೆ. ನಮ್ಮಕ್ಕ ಅದನ್ನ ಮೆಟ್ಟಿಲು ಅಂದ್ಕೊಂಡು ನಿಂತ್ಬಿಡ್ತಾಳೆ."

"ಹಾಗಾದ್ರೆ ಯಾವಾಗ ಬರ್ಲಿ ಸಾರ್?"

"ಹೇಳ್ ಕಳಿಸ್ತೀನಿ."

ಕಾರ್ಪೆಟ್ಟಿನ ಸುರುಳಿ ಮೂಲೆ ಸೇರಿತು. ಮಾವ ದಿನಾ ಬೆಳಿಗ್ಗೆ ಬಂದು ಬಿಸಿಲು ನೋಡಿದರು. ಸಂಜೆ ಬಂದು ಟ್ಯೂಬ್‌ಲೈಟು ನೋಡಿದರು. ಜಾಯಿಂಟು ದಿವಾನದ ಕೆಳಗೆ ಅಡಗಲೆಂದು ದಿವಾನವನ್ನು ಸರಿಸಿದರು, ಅಲ್ಲೂ ಮನಸ್ಸಿಗೆ ಬಾರದೆ ವಾಪಸು ಸರಿಸಿದರು. ಆ ದಿವಾನ ಮಾಡಿದಷ್ಟು ಪ್ರವಾಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ. "ರೀ, ಇವತ್ತು ಎಲ್ಲಿ ಕೂತ್ಕೋಬೇಕು ಅಂತ ನಿಮ್ ಮಾವನ್ನ ಕೇಳ್ಕೊಂಡು ಬನ್ನಿ" ಎಂದು ನನ್ನ ಹೆಂಡತಿ ಕಾಫಿ ಲೋಟ ಹಿಡಿದು ನಿಂತೇ ಇರುತ್ತಿದ್ದಳು.

ಕಡೆಗೆ ಪ್ರಯೋಗ ಮಾಡಿಯೇ ನೋಡುವುದೆಂದು ಮಾವ ನಿಶ್ಚಯಿಸಿದರು. ಜಾಯಿಂಟು ಎಲ್ಲೆಲ್ಲಿ ಬರಬಹುದೋ ಅಲ್ಲೆಲ್ಲ ನೆಲದ ಮೇಲೆ ಗೆರೆ ಎಳೆಯುವುದು. ಮನೆಯವರು ಎಂದಿನಂತೆ ಓಡಾಡುವುದು. ಯಾವ ಗೆರೆಯ ಮೇಲೆ ಹೆಜ್ಜೆ ಕಡಿಮೆ ಬೀಳುವುದೋ ಅಲ್ಲಿಯೇ ಜಾಯಿಂಟು. ಎಷ್ಟು ವೈಜ್ಞಾನಿಕ! ಆದರೆ ಸೀಮೆಸುಣ್ಣ ಸಿಗಲಿಲ್ಲವೆಂದು ಅವರು ದೇವರ ಮನೆಯಿಂದ ರಂಗೋಲಿ ಡಬ್ಬಿ ತಂದರು. ವಿಜ್ಞಾನ ಅಲ್ಲಿಗೆ ಮುಗಿಯಿತು.

ಯಾರೂ ತುಳಿಯಲೊಲ್ಲರು! ನನ್ನ ಹೆಂಡತಿ ಸೀರೆ ಎತ್ತಿ ದಾಟಿದಳು. ನಾನು ದಾಟಿದೆ. ಗ್ಯಾಸ್ ತಂದವನು ತುಂಬಿದ ಸಿಲಿಂಡರು ಹೆಗಲ ಮೇಲಿದ್ದರೂ ಕಾಲೆತ್ತಿ ಕಾಲೆತ್ತಿ ದಾಟಿದ.

"ತುಳೀರೇ ಅಂದ್ರೆ!" ಮಾವ ಕೂಗಿದರು.

"ರಂಗೋಲಿ ತುಳಿಯೋದಾ? ಶಿವ ಶಿವಾ!" ಎಂದಳು ನನ್ನ ಹೆಂಡತಿ.

"ಇದು ರಂಗೋಲಿ ಅಲ್ಲಮ್ಮ, ಜಾಯಿಂಟು!"

"ಮೊದಲು ನೀವು ತುಳೀರಿ ಮಾವ, ಆಮೇಲೆ ನಾವು ತುಳೀತೀವಿ."

ಮಾವ ವೀರಾವೇಶದಿಂದ ಹೊರಟವರು, ಗೆರೆಯ ಬಳಿ ಬಂದು, ಪಂಚೆ ಎತ್ತಿಕೊಂಡು ದಾಟಿಬಿಟ್ಟರು.

ನಾವು ನಗುತ್ತಿದ್ದೆವು. ಆ ಸದ್ದಿಗೆ ಅಮ್ಮ ಕೋಣೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತಿದ್ದಳು. ಕಾಲು ಅಂಟಿಕೊಳ್ಳುವ ಅದೇ ಬಾಗಿಲು. ನಾನು ತೋಳು ಹಿಡಿಯಲು ಓಡಿದೆ.

"ಇದ್ಯಾವನೋ ರಂಗೋಲಿ ಇಷ್ಟು ಸೊಟ್ಟಗೆ ಎಳೆದಿರೋದು?" ಎಂದ ಅಮ್ಮ, ಎದುರಿಗಿದ್ದ ಗೆರೆಯನ್ನು ತುಳಿಯಬಾರದೆಂದು ಪಾದ ಎತ್ತಿದಳು. ದಾಟಿದಳು. ಇನ್ನೊಂದು ಗೆರೆಯನ್ನೂ ದಾಟಿದಳು. ನಾನು ಹಿಡಿಯಲು ಚಾಚಿದ್ದ ಕೈ ಹಾಗೆಯೇ ಉಳಿಯಿತು. ನಡುಮನೆಯ ನಡುವಿನ ಹೊತ್ತಿಗೆ ಗೆರೆಗಳು ಮುಗಿದವು. ಅಮ್ಮನ ಕಾಲೂ ನಿಂತಿತು.

ಮಾವ ಡಬ್ಬಿ ಹಿಡಿದು ಅಕ್ಕನ ಎದುರು ಮಂಡಿಯೂರಿ, ಅವಳ ಪಾದದ ಮುಂದೆ ಒಂದು ಗೆರೆ ಎಳೆದರು. ಅಮ್ಮ ದಾಟಿದಳು. ಮಂಡಿಯಲ್ಲೇ ಹಿಂದೆ ಸರಿದು ಇನ್ನೊಂದು ಎಳೆದರು.

"ಸೊಟ್ಟ ಕಣೋ."

"ನೆಟ್ಟಗೆ ಹಾಕ್ತೀನಿ, ನೀನು ಬಾ ಅಕ್ಕ."

ಹೀಗೆ ತಮ್ಮ ಹಿಂದಕ್ಕೆ ಹಿಂದಕ್ಕೆ, ಅಕ್ಕ ಮುಂದಕ್ಕೆ ಮುಂದಕ್ಕೆ, ಅಡಿಗೆಮನೆಯ ಒಲೆಯ ತನಕ ಹೋದರು. ಮಾವನ ಕಣ್ಣಲ್ಲಿ ನೀರಿತ್ತು. ರಂಗೋಲಿ ಪುಡಿ ಬಿತ್ತು ಎಂದರು.

ಡಾಕ್ಟರಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಈ ಕಾಯಿಲೆಯವರಲ್ಲಿ ಕೆಲವರಿಗೆ, ಬರಿಯ ನೆಲದ ಮೇಲೆ ಏಳದ ಕಾಲು ಎದುರಿಗೆ ಅಡ್ಡ ಗೆರೆ ಕಂಡರೆ ಏಳುವುದುಂಟಂತೆ. ಮಾವ ಅಂದೇ ಕಾರ್ಪೆಟ್ಟಿನವನನ್ನು ಕರೆಸಿದರು. ಅಮ್ಮನ ಹೆಜ್ಜೆಗೊಂದರಂತೆ ಕಾರ್ಪೆಟ್ಟನ್ನು ಅಡ್ಡಡ್ಡ ಕತ್ತರಿಸಿ, ಪ್ರತಿ ಜಾಯಿಂಟಿನ ಮೇಲೂ ಎಡವದಂತೆ ತೆಳ್ಳನೆಯ ಬಿಳಿ ಪಟ್ಟಿ ಅಂಟಿಸಬೇಕೆಂದರು.

"ಇಷ್ಟೊಂದು ಜಾಯಿಂಟಾ ಸಾರ್? ಬಂದೋರಿಗೆಲ್ಲ ಕಾಣತ್ತೆ!"

"ಕಾಣ್ಲಿ" ಎಂದರು ಮಾವ.

ಕೆಲಸ ಮುಗಿದ ಮೇಲೆ, ಹೇಗೆ ಹೇಳಬೇಕೆಂದು ತಿಳಿಯದೆ ನಾನು ಬಗ್ಗಿ ಅವರ ಕಾಲು ಮುಟ್ಟಿದೆ. "ಬಗ್ಗಿದೀಯಲ್ಲ, ಹಾಗೇ ಆ ಮೂರನೇ ಪಟ್ಟಿ ನೆಟ್ಟಗಿದ್ಯಾ ನೋಡು" ಎಂದರು.

ನೆಟ್ಟಗಿತ್ತು. ಅಮ್ಮ ಈಗ ದಿನಾ ಬೆಳಿಗ್ಗೆ ಅಡಿಗೆಮನೆಗೆ ತಾನೇ ನಡೆದು ಹೋಗುತ್ತಾಳೆ.